ಪ್ಯಾನಲ್ ಮುಂದಿನ ಕುರ್ಚಿ

ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಬೋಟು ಇಳಿಯದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಮೀನಿನ ಹುಡಿ ಮಾಡುವ ಫ್ಯಾಕ್ಟರಿಗೆ ಕೆಲಸವಿಲ್ಲ. ಆ ತಿಂಗಳುಗಳಲ್ಲಿ ಅಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಮತ್ತೆ ಜೋಡಿಸುತ್ತಾರೆ. ನನ್ನ ಗಂಡ ತೀರಿಕೊಂಡದ್ದು ಅಂಥ ಒಂದು ಮಳೆಗಾಲದಲ್ಲಿ, ೨೦೦೧ರಲ್ಲಿ. ಅವರು ಆ ಫ್ಯಾಕ್ಟರಿಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿದ್ದರು. ಫ್ಯಾಕ್ಟರಿ ನಿಂತಿದ್ದರಿಂದ ಕೆಲವು ದಿನ ರಜೆ ಹಾಕಿ ನಾವುಂದದ ಮನೆಯ ಗದ್ದೆಗೆ ಇಳಿದಿದ್ದರು. ಕಾಲಿನಲ್ಲಿ ಒಂದು ಸಣ್ಣ ಗಾಯ ಇತ್ತು. ಜ್ವರ ಬಂತು. ಮಳೆಯಲ್ಲಿ ನೆನೆದದ್ದಕ್ಕೆ ಬಂದ ಜ್ವರ ಎಂದುಕೊಂಡು ನಾನು ಕಾಳುಮೆಣಸಿನ ಕಷಾಯ ಮಾಡಿಕೊಟ್ಟೆ. ಕಣ್ಣು ಹಳದಿಯಾದ ಮೇಲೆ ಕುಂದಾಪುರಕ್ಕೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಇಲಿಜ್ವರ, ಕಿಡ್ನಿಗೆ ಹೋಗಿದೆ ಎಂದರು. ಆಮೇಲೆ ಆಂಬುಲೆನ್ಸಿನಲ್ಲಿ ಮನೆಗೆ ತಂದರು.

ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ನಾನು ಸಿದ್ದಾಪುರದ ಕಡೆಯವಳು, ಬೇಸಾಯದ ಮನೆಯಿಂದ ಬಂದವಳು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ. ಗಂಡನ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪವೇ. ಶಿಫ್ಟು ಮುಗಿಸಿ ಬಂದವರು ಮೊದಲು ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದರು, ಆಮೇಲೆ ಉಣ್ಣುತ್ತಿದ್ದರು, ಆಮೇಲೆ ಮಲಗುತ್ತಿದ್ದರು. ಮಾತು ಕಡಿಮೆ. ಸಿಟ್ಟೂ ಕಡಿಮೆ. ಪೇರಳೆ ಹಣ್ಣು ಇಷ್ಟ. ಇಷ್ಟು ಬಿಟ್ಟರೆ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವರನ್ನು ಅಂಗಳದಲ್ಲಿ ಮಲಗಿಸಿದಾಗ ನಾನು ಅಳಲಿಲ್ಲ. ಅಳಬಾರದು ಎಂದುಕೊಂಡಿರಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ನನ್ನ ಬೆನ್ನು ಉಜ್ಜುತ್ತ, "ಒಂದ್ ಸಲ ಮರ್ಕಿ ಬಿಡ್ ಹೆಣ್ಣೆ. ಒಳ್ಗೇ ಇಟ್ಕಂಡ್ರೆ ಎದಿ ಒಡ್ದ್ ಹೋತ್ತ್" ಎಂದರು. ನಾನು ಹ್ಞೂಂ ಎಂದೆ. ಚಪ್ಪರಕ್ಕೆ ಹೊದಿಸಿದ ಪ್ಲಾಸ್ಟಿಕ್ಕಿನ ಒಂದು ಮೂಲೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಯಾರಾದರೂ ಕಟ್ಟಬಾರದೇ ಎಂದು ಯೋಚಿಸುತ್ತಿದ್ದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಫ್ಯಾಕ್ಟರಿಯಿಂದ ಇಬ್ಬರು ಬಂದರು. ಒಬ್ಬರು ಮ್ಯಾನೇಜರ್. ಇನ್ನೊಬ್ಬರು ನನ್ನ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಆಪರೇಟರ್, ಬ್ರಹ್ಮಾವರದ ಬದಿಯವರು. ಜಗಲಿಯಲ್ಲಿ ಕುಳಿತು ಚಾ ಕುಡಿದರು. ಮ್ಯಾನೇಜರ್ ಲೋಟ ಕೆಳಗಿಟ್ಟು, "ನಿಮ್ಮ ಮನೆಯಲ್ಲಿ ಒಬ್ಬರಿಗೆ ಕೆಲಸ ಕೊಡಬೇಕು ಅಂತ ಮಾಲೀಕರು ಹೇಳಿದ್ದಾರೆ. ಯಾರು ಬರ್ತೀರಿ?" ಎಂದು ಕೇಳಿದರು.

ಎಲ್ಲರೂ ನನ್ನ ಮೈದುನನ ಕಡೆ ನೋಡಿದರು. ಅವನು ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವನು, ಅಣ್ಣನ ಸುದ್ದಿ ಕೇಳಿ ಬಂದು ಇಲ್ಲೇ ಉಳಿದಿದ್ದ. ಅತ್ತೆ ಬಾಗಿಲ ಹತ್ತಿರ ನಿಂತು ಹೇಳಿದರು. "ಸಣ್ಣವ ಇದ್ದ ಅಲ್ದಾ, ಅವ ಬತ್ತ."

"ನಾನ್ ಬತ್ತೆ" ಎಂದೆ.

"ಎಂತ?" ಎಂದರು ಅತ್ತೆ.

"ನಾನ್ ಬತ್ತೆ ಅಂದೆ."

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಮಂದಿ ಕೇಳಿದರು. ಧೈರ್ಯ ಎಂದು ಕೆಲವರು, ದುರಾಸೆ ಎಂದು ಕೆಲವರು ಅಂದುಕೊಂಡರು. ಎರಡೂ ಅಲ್ಲ. ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನನ್ನು ಯಾರೂ ನೋಡದ ಜಾಗ ಒಂದು ಬೇಕಿತ್ತು. ಅಷ್ಟು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಯೋಚನೆ ಇದ್ದ ನೆನಪಿಲ್ಲ.

ಮಾವ ಸುಣ್ಣದ ಡಬ್ಬಿ ಮುಚ್ಚಿ ಬದಿಗಿಟ್ಟರು. ಎಲೆಯಡಿಕೆ ತುಂಬಿದ ಬಾಯಲ್ಲೇ ಕಡೆಗೆ, "ಅದ್ ಓದಿದ್ ಹೆಣ್ಣ್. ಹೋಯ್ಲಿ ಬಿಡ್" ಎಂದರು. ಅತ್ತೆ ಒಳಗೆ ಹೋದರು. ಆವತ್ತಿನಿಂದ ನನ್ನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು.

ಮೈದುನ ಮತ್ತೆ ಮುಂಬಯಿಗೆ ಹೊರಟ. ಹೊರಡುವ ಮುಂಚೆ ದನದ ಹಟ್ಟಿಯ ಹತ್ತಿರ ಬಂದು ಮೆಲ್ಲಗೆ, "ಅತ್ಗೆ, ನಂಗೆ ಹ್ಯಾಂಗೂ ಬೊಂಬಾಯಿಗೆ ಹೋಪುಕೇ ಮನ್ಸ್ ಇದ್ದಿತ್. ಅಮ್ಮನ ಹತ್ರ ಮಾತ್ರ ಹೇಳ್ಬೇಡಿ" ಎಂದ. ನಾನು ಹೇಳಲಿಲ್ಲ. ಅತ್ತೆಯ ಮಟ್ಟಿಗೆ ನಾನು ಚಿಕ್ಕ ಮಗನನ್ನೂ ಊರು ಬಿಡಿಸಿದವಳಾದೆ.

ಫ್ಯಾಕ್ಟರಿ ಕೋಟೇಶ್ವರ ದಾಟಿ ಕಡಲ ಬದಿಗೆ ಇತ್ತು. ನಾವುಂದದಿಂದ ಬಸ್ಸು ಹತ್ತಿ, ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಹೆದ್ದಾರಿಯಿಂದ ಒಳಗೆ ನಡೆಯಬೇಕು. ಗಾಳಿ ಕಡಲ ಕಡೆಯಿಂದ ಬೀಸಿದರೆ ಬಸ್ಸಿನೊಳಗೇ ವಾಸನೆ ಬರುತ್ತಿತ್ತು. ಮೊದಲ ವಾರ ವಾಂತಿ ಮಾಡಿದೆ. ಆಮೇಲೆ ವಾಸನೆ ಗೊತ್ತಾಗುವುದು ನಿಂತುಹೋಯಿತು. ನನ್ನ ಪಕ್ಕ ಕುಳಿತವರು ಎದ್ದು ಬೇರೆ ಸೀಟಿಗೆ ಹೋದಾಗ ಮಾತ್ರ ನೆನಪಾಗುತ್ತಿತ್ತು.

ಮೊದಲು ನನ್ನನ್ನು ಹುಡಿ ತುಂಬಿಸುವ ಕಡೆ ಹಾಕಿದರು. ಹಿರಿಯ ಆಪರೇಟರಿಗೆ ಸಕ್ಕರೆ ಕಾಯಿಲೆ ಇತ್ತು, ಆಗಾಗ ರಜೆ ಹಾಕುತ್ತಿದ್ದರು. ಹಗಲಿನ ಪಾಳಿಗೆ ಇನ್ನೊಬ್ಬರು ಬೇಕಿತ್ತು. ಅವರೇ ಮ್ಯಾನೇಜರಿಗೆ ಹೇಳಿ ನನ್ನನ್ನು ಮೇಲೆ ಕರೆಸಿಕೊಂಡರು. ಅವರನ್ನು ನಾನು ಅಣ್ಣಯ್ಯ ಎನ್ನುತ್ತಿದ್ದೆ.

ಕಬ್ಬಿಣದ ಮೆಟ್ಟಿಲು ಹತ್ತಿದರೆ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ. ಗೋಡೆಯುದ್ದಕ್ಕೂ ಬೂದುಬಣ್ಣದ ಪ್ಯಾನಲ್. ಅದರ ತುಂಬ ಮುಳ್ಳಿನ ಮೀಟರುಗಳು, ಕೆಂಪು ಅಂಕಿಗಳು, ಹಸಿರು ಕೆಂಪು ಲೈಟುಗಳು, ತಿರುಗಿಸುವ ಗುಬ್ಬಿಗಳು, ಮೇಲೆ ಎಚ್ಚರಿಕೆಗೆ ಕೂಗುವ ಹೂಟರ್. ಅದರ ಮುಂದೆ ಒಂದು ಕುರ್ಚಿ. ಕಿಟಕಿಯಿಂದ ಕೆಳಗೆ ನೋಡಿದರೆ ಮೀನಿನ ಹೊಂಡ, ಮೀನನ್ನು ಹಬೆಯಲ್ಲಿ ಬೇಯಿಸುವ ಉದ್ದನೆಯ ಕುಕ್ಕರ್, ಬೆಂದದ್ದನ್ನು ಹಿಂಡುವ ಪ್ರೆಸ್, ಹಿಂಡಿಯನ್ನು ಒಣಗಿಸುವ ಡ್ರೈಯರ್, ಎಲ್ಲ ಸಾಲಾಗಿ ಕಾಣುತ್ತಿತ್ತು.

"ಕಾಣ್ ತಂಗಿ" ಎಂದರು ಅಣ್ಣಯ್ಯ. "ಮೀನ್ ಹದಕ್ಕೆ ಬೇಯ್ಕ್. ಹೆಚ್ಚ್ ಬೆಂದ್ರೆ ಗಂಜಿ ಆತ್ತ್, ಪ್ರೆಸ್ಸಿಗೆ ಸಿಕ್ಕುದಿಲ್ಲೆ. ಕಮ್ಮಿ ಆದ್ರೆ ಎಣ್ಣಿ ಬಿಡುದಿಲ್ಲೆ. ಉಳ್ದದ್ದೆಲ್ಲ ಇದ್ರ ಹಿಂದಿಂದೇ ಬಪ್ಪುದ್."

"ಹೂಟರ್ ಹೊಡ್ದ್ರೆ?"

"ಹೆದ್ರುಕಾಗ. ಮೊದ್ಲ್ ಎಲ್ಲಿ ಅಂದೇಳಿ ಕಾಣ್. ಕಡಿಗೆ ಬಟನ್ ಒತ್ತ್. ಕಾಣದೆ ಒತ್ತುಕಾಗ."

ಎಣ್ಣೆ ಹೆಚ್ಚಿರುವ ಬೈಗೆ, ಅಂದರೆ ಬೂತಾಯಿ ಮೀನು ಬಂದರೆ ಒಂದು ಹದ. ಎರಡು ದಿನ ಬಿಸಿಲಿನಲ್ಲಿ ಬಿದ್ದು ಮೆತ್ತಗಾದ ಚಿಲ್ಲರೆ ಮೀನು ಬಂದರೆ ಇನ್ನೊಂದು ಹದ. ಹೊಂಡದಿಂದ ಮೀನು ತಳ್ಳುವ ಸ್ಕ್ರೂವಿನ ವೇಗ ಎಷ್ಟಿರಬೇಕು, ಹಬೆ ಎಷ್ಟು ಬಿಡಬೇಕು, ಡ್ರೈಯರಿನ ಬಾಯಲ್ಲಿ ಎಷ್ಟು ಬಿಸಿ ಇರಬೇಕು, ಎಲ್ಲವನ್ನೂ ಅವರು ಕಲಿಸಿದರು. ನನಗೆ ಬೇಗ ಬಂತು. ಅಡುಗೆ ಬಲ್ಲ ಹೆಂಗಸಾದ್ದರಿಂದ ಬಂತು ಎಂದು ಮ್ಯಾನೇಜರ್ ನಗುತ್ತಿದ್ದರು. ಇರಬಹುದು. ಬೇರೆ ಯಾವುದರ ಮೇಲೂ ನನ್ನ ಮನಸ್ಸು ಇರಲಿಲ್ಲವಾದ್ದರಿಂದ ಬಂತು ಎಂದು ನನಗೆ ಅನಿಸುತ್ತದೆ.

ಪ್ರೆಸ್ಸಿನ ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂದು ತೋರಿಸುವ ಮೀಟರಿನ ಗಾಜಿನ ಮೇಲೆ ಒಂದು ಕಡೆ ಗುಲಾಬಿ ಬಣ್ಣದ ಗೀಟು ಇತ್ತು. "ಇದ್ ನಿನ್ ಗಂಡ ಹಾಕಿದ್ ಗುರ್ತ್. ಮುಳ್ಳ್ ಇದ್ನ ದಾಟ್ರೆ ಮೀನ್ ಕಮ್ಮಿ ಮಾಡ್ಕ್" ಎಂದರು ಅಣ್ಣಯ್ಯ. ನಾನು ಹತ್ತಿರ ಹೋಗಿ ನೋಡಿದೆ. ಅದು ನೇಲ್ ಪಾಲಿಶ್. ಮದುವೆಯ ಹೊಸತರಲ್ಲಿ ನನ್ನ ಗೆಳತಿ ಕೊಟ್ಟ ಒಂದು ಬಾಟಲಿ ಕಳೆದುಹೋಗಿತ್ತು. ಕಪಾಟಿನ ಹಿಂದೆ, ಹಾಸಿಗೆಯ ಅಡಿಯಲ್ಲಿ, ಎಲ್ಲ ಕಡೆ ಹುಡುಕಿದ್ದೆ. ಗಂಡ ಪೇಪರ್ ಓದುತ್ತ ಕುಳಿತಿದ್ದರು, ಏನೂ ಹೇಳಿರಲಿಲ್ಲ. ಆ ಗೀಟನ್ನು ನೋಡಿದಾಗ ನನಗೇನೋ ಆಗಬೇಕು ಎಂದು ಕಾದೆ. ಏನೂ ಆಗಲಿಲ್ಲ. ಮುಳ್ಳು ಗೀಟಿನ ಹತ್ತಿರ ಬರುತ್ತಿತ್ತು. ಸ್ಕ್ರೂವಿನ ವೇಗ ತಗ್ಗಿಸಿದೆ.

ಹೀಗೆ ವರ್ಷಗಳು ಹೋದವು. ಬೆಳಗ್ಗೆ ಬಸ್ಸು, ಮೆಟ್ಟಿಲು, ಕುರ್ಚಿ, ಮುಳ್ಳುಗಳು. ಸಂಜೆ ಬಸ್ಸು, ಬಾವಿಕಟ್ಟೆ, ಊಟ, ನಿದ್ದೆ. ಗಂಡ ಬದುಕಿದಂತೆಯೇ ನಾನೂ ಬದುಕುತ್ತಿದ್ದೆ. ಮನೆಯಲ್ಲಿ ಅತ್ತೆಯ ಮಾತೆಲ್ಲ ಮಾವನ ಮೂಲಕ ನನಗೆ ತಲುಪುತ್ತಿತ್ತು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಹ್ವಾಯ್, ನೀರ್ ಕಾದಿತ್ತ್ ಅಂದೇಳಿ ಹೇಳಿ" ಎಂದು ಒಳಗಿನಿಂದ ಕೂಗುತ್ತಿದ್ದರು. ಮಾವ ನನ್ನ ಕಡೆ ತಿರುಗಿ, "ನೀರ್ ಕಾದಿತ್ತಂಬ್ರ್" ಎನ್ನುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ನೀರು ಬಿಸಿಯಾಗಿಯೇ ಇರುತ್ತಿತ್ತು.

ಒಂದು ಮಧ್ಯಾಹ್ನ ಮೀನಿನ ರಾಶಿಯ ಜೊತೆ ಬಲೆಯ ಹಗ್ಗದ ತುಂಡೊಂದು ಬಂದು ಸ್ಕ್ರೂವಿಗೆ ಸುತ್ತಿಕೊಂಡಿತು. ಹೊಂಡದ ಹತ್ತಿರ ಕೆಲಸಕ್ಕಿದ್ದವರೊಬ್ಬರು ಅದನ್ನು ಎಳೆದು ತೆಗೆಯಲು ಹೋದರು. ನಾನು ಮೇಲಿನಿಂದ ನೋಡುತ್ತಿದ್ದೆ. ಅವರ ಕೈಗವಸು ಹಗ್ಗದ ಜೊತೆ ಒಳಗೆ ಹೋಗುವುದು ಕಂಡಿತು. ಕೆಳಗಿನವರು, "ಹ್ವಾಯ್! ನಿಲ್ಸಿ! ನಿಲ್ಸಿ!" ಎಂದು ಕೂಗುವ ಮೊದಲೇ ನನ್ನ ಅಂಗೈ ಕೆಂಪು ಗುಂಡಿಯ ಮೇಲೆ ಬಿದ್ದಿತ್ತು. ಇಡೀ ಸಾಲು ನಿಂತಿತು. ಅವರ ಎರಡು ಬೆರಳು ಜಜ್ಜಿದವು, ಕೈ ಉಳಿಯಿತು.

ಎಲ್ಲರೂ ಮೆಟ್ಟಿಲು ಹತ್ತಿ ಬಂದು ನನ್ನನ್ನು ನೋಡಿದರು. ಒಬ್ಬರು, "ಗಟ್ಟಿ ಹೆಂಗ್ಸ್" ಎಂದರು. ನಾನು ಕುಕ್ಕರಿನ ಹಬೆ ಮುಚ್ಚಿದೆ, ನೀರು ಕುಡಿದೆ, ಎಷ್ಟು ಹೊತ್ತಿಗೆ ಮತ್ತೆ ಶುರು ಮಾಡಬಹುದು ಎಂದು ಅಣ್ಣಯ್ಯನನ್ನು ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ನೀ ಮನಿಗ್ ಹೋಗ್ ಇವತ್ತ್" ಎಂದರು. "ಮನಿಗ್ ಹೋಯಿ ಎಂತ ಮಾಡುದ್?" ಎಂದೆ.

ಕೆಲವು ದಿನ ಬಿಟ್ಟು ಆ ಗಾಯಾಳುವಿನ ಹೆಂಡತಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಫ್ಯಾಕ್ಟರಿಯ ಗೇಟಿಗೆ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಅಕ್ಕ, ನೀವ್ ಇಲ್ದಿರೆ ನನ್ ಗತಿ ಎಂತ ಆತಿತ್?" ಎಂದಳು. ನಾನು, "ಆಯ್ತಲೆ, ಈಗ ಹ್ಯಾಂಗಿದ್ರ್?" ಎಂದು ಕೇಳಿದೆ. ಅವಳು ಅಳುವುದನ್ನು ನೋಡಿ, ಅದು ಹೇಗೆ ಅಷ್ಟು ಸುಲಭವಾಗಿ ಬರುತ್ತದೆ ಎಂದು ಯೋಚಿಸಿದೆ.

ಅದರ ಮುಂದಿನ ಬೇಸಿಗೆಯಲ್ಲಿ ನನ್ನ ಅಮ್ಮ ಸಿದ್ದಾಪುರದಿಂದ ಒಂದು ಸಂಬಂಧದ ಸುದ್ದಿ ತಂದರು. ಬ್ರಹ್ಮಾವರದಲ್ಲಿ ಅಂಗಡಿ ಇಟ್ಟಿದ್ದವರು, ಹೆಂಡತಿ ತೀರಿಕೊಂಡಿದ್ದರು. ಅಮ್ಮನ ಒತ್ತಾಯಕ್ಕೆ ಹೋಗಿ ನೋಡಿದೆ. ಒಳ್ಳೆಯ ಮನುಷ್ಯ. ಶರಬತ್ತು ತಾವೇ ತಂದುಕೊಟ್ಟರು. "ಮದುವೆ ಆದ ಮೇಲೆ ಆ ಕೆಲಸ ಬಿಡಬಹುದಲ್ಲ?" ಎಂದು ಕೇಳಿದರು. "ಬಿಡೂದಿಲ್ಲೆ" ಎಂದೆ. ಅವರಿಗೂ ಒಂದು ರೀತಿ ನಿರಾಳವಾದಂತೆ ಕಂಡಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ಅತ್ತೆಗೆ ಈ ಸುದ್ದಿ ಹೇಗೆ ತಿಳಿಯಿತೋ ಗೊತ್ತಿಲ್ಲ. ತಿಳಿದದ್ದಂತೂ ನಿಜ, ಮಾವನ ಮೂಲಕ ಅದರ ಬಗ್ಗೆ ವಿಚಾರಿಸಿದರು.

ಮಾವ ತೀರಿಕೊಂಡದ್ದು ಎರಡು ಸಾವಿರದ ಏಳರಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲ. ಆಗಲೂ ನಾನು ಅಳಲಿಲ್ಲ, ಆ ಹೊತ್ತಿಗೆ ನನ್ನಿಂದ ಯಾರೂ ಅದನ್ನು ನಿರೀಕ್ಷಿಸುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಂದು ತೊಡಕಾಯಿತು. ಅತ್ತೆಯ ಮಾತನ್ನು ನನಗೆ ದಾಟಿಸುವವರು ಇಲ್ಲವಾದರು. ಅವರು ಗೋಡೆಗೆ, ದನಕ್ಕೆ, ಬಾವಿಯ ರಾಟೆಗೆ ಹೇಳತೊಡಗಿದರು. "ನೀರ್ ಕಾದಿತ್ತ್" ಎಂದು ಬಾಗಿಲ ಕಡೆ ಮುಖ ಮಾಡಿ ಹೇಳುತ್ತಿದ್ದರು. ನಾನು ಹೋಗಿ ಸ್ನಾನ ಮಾಡುತ್ತಿದ್ದೆ.

ಅದರ ಮರುವರ್ಷದ ಮಳೆಗಾಲ. ಫ್ಯಾಕ್ಟರಿಯಲ್ಲಿ ದುರಸ್ತಿ ನಡೆಯುತ್ತಿತ್ತು. ಬೆಳಗ್ಗೆ ನಾನು ಕೊಡೆ ಬಿಡಿಸುತ್ತಿದ್ದಾಗ ಅತ್ತೆ ಹಿಂದಿನಿಂದ, "ಅಲ್ಲಿ ಮಿಶಿನೆಲ್ಲ ನಿಂತಿತ್ತಾ?" ಎಂದು ಕೇಳಿದರು. ಯಾರನ್ನು ಕೇಳಿದರು ಎಂದು ಮೊದಲು ತಿಳಿಯಲಿಲ್ಲ. ತಿರುಗಿ ನೋಡಿದೆ. ನನ್ನನ್ನೇ ನೋಡುತ್ತಿದ್ದರು.

"ನಿಂತಿತ್ತ್ ಅತ್ತೆ."

"ಹಂಗಾರೆ ನಾನೂ ಬತ್ತೆ. ಅವ ಕೂಕಂತಿದ್ದ ಜಾಗ ಒಂದ್ ಸಲ ಕಾಣ್ಕ್."

ಮದುವೆಗೆ ಹೋಗುವಾಗ ಉಡುವ ಸೀರೆ ಉಟ್ಟುಕೊಂಡು ಬಂದರು. ಎರಡು ಬಸ್ಸು ಹತ್ತಿ ಇಳಿದೆವು. ಕೋಟೇಶ್ವರದಿಂದ ಆಟೋ ಮಾಡಿದೆ. ಗೇಟಿನಲ್ಲಿ ಮ್ಯಾನೇಜರಿಗೆ ಹೇಳಿದಾಗ ಅವರು ತಾವೇ ಕೊಡೆ ಹಿಡಿದು ಒಳಗೆ ಕರೆದುಕೊಂಡು ಹೋದರು. ಕಬ್ಬಿಣದ ಮೆಟ್ಟಿಲಿನ ಕಂಬಿ ಹಿಡಿದು ಅತ್ತೆ ಒಂದೊಂದೇ ಹತ್ತಿದರು. ಅರ್ಧದಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸೆರಗು ಬಿಟ್ಟು ಮತ್ತೆ ಹತ್ತಿದರು.

ಕುರ್ಚಿ ತೋರಿಸಿದೆ. ಅದರ ಮೇಲೆ ಅಂಗೈ ಆಡಿಸಿ ನೋಡಿ ಆಮೇಲೆ ಕುಳಿತರು.

"ಇಲ್ಲಿ ಕೂಕಂಡ್ ಎಂತ ಮಾಡುದ್?"

ಹೇಳಿದೆ. ಮೀನು ಬೇಯುವುದು, ಹಿಂಡುವುದು, ಒಣಗುವುದು, ಯಾವ ಮುಳ್ಳು ಏನು ಹೇಳುತ್ತದೆ, ಎಲ್ಲ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ತಲೆ ಆಡಿಸುತ್ತಿದ್ದರು. "ಇಡೀ ದಿನ ಹೀಂಗೇ ಕೂಕಣ್ಕಾ?" ಎಂದರು. "ಹೌದ್." "ಯಾರ್ ಹತ್ರಾನೂ ಮಾತಾಡ್ದೆ?" "ಮಾತಾಡ್ರೂ ಕೇಂತಿಲ್ಲೆ ಅತ್ತೆ, ಮಿಶಿನ್ ಶಬ್ದಕ್ಕೆ."

"ಏನಾರೂ ತಪ್ಪಾರೆ ಹ್ಯಾಂಗ್ ಗೊತ್ತಾತ್ತ್?"

ಪ್ಯಾನಲಿಗೆ ಕರೆಂಟು ಕೊಟ್ಟು, ಪರೀಕ್ಷೆಗೆಂದು ಇಟ್ಟಿದ್ದ ಬಟನ್ ಒತ್ತಿದೆ. ಎಲ್ಲ ಲೈಟುಗಳೂ ಒಟ್ಟಿಗೆ ಹೊತ್ತಿಕೊಂಡವು. ಹೂಟರ್ ಕೂಗಿತು. ಅತ್ತೆ ಬೆಚ್ಚಿ ಹಿಂದಕ್ಕೆ ಸರಿದರು. ನಿಲ್ಲಿಸಿದೆ. "ಇನ್ನೊಂದ್ ಸಲ" ಎಂದರು. ಮತ್ತೆ ಒತ್ತಿದೆ. ಈ ಸಲ ಅವರು ಬೆಚ್ಚಲಿಲ್ಲ. ಲೈಟುಗಳನ್ನು ನೋಡುತ್ತ ನೋಡುತ್ತ ಅವರ ಮುಖ ಮುದುಡಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಮಗನನ್ನು ಅಂಗಳದಲ್ಲಿ ಮಲಗಿಸಿದ ದಿನವೂ ನಾನು ಅವರನ್ನು ಹಾಗೆ ಕಂಡಿರಲಿಲ್ಲ. ಹೂಟರ್ ನಿಲ್ಲಿಸಿದೆ. ಈಗ ಅವರ ದನಿ, ತಗಡಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು.

ನಾನು ಪಕ್ಕದಲ್ಲಿ ನಿಂತಿದ್ದೆ. ಡ್ರೈಯರಿನ ಬೇರಿಂಗು ಬದಲಾಯಿಸಲು ಫಿಟ್ಟರಿಗೆ ಹೇಳಬೇಕಿತ್ತು, ಅದು ನೆನಪಾಯಿತು. ನನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಅವರಿಗೆ ಕೊಟ್ಟೆ. ಕುಡಿದರು. ಬಾಟಲಿಯನ್ನು ನನಗೆ ವಾಪಸು ಕೊಡುವಾಗ ನನ್ನ ಮಣಿಕಟ್ಟು ಹಿಡಿದು ಹಾಗೇ ಸ್ವಲ್ಪ ಹೊತ್ತು ಕುಳಿತರು.

ಅರ್ಧ ದಿನ ರಜೆ ಹೇಳಿ ಅವರ ಜೊತೆ ಹೊರಟೆ. ಬಸ್ಸು ಮರವಂತೆಗೆ ಬಂದಾಗ ಅತ್ತೆ ಕಿಟಕಿಯಿಂದ ಕಡಲನ್ನು ನೋಡುತ್ತಿದ್ದರು.

"ಹೆತ್ತದ್ದ್ ನಾನ್" ಎಂದರು. "ಅವ ದಿನಾ ಬಸ್ ಹತ್ತಿ ಹೋಯಿ ಎಂತ ಮಾಡ್ತಿದ್ದ ಅಂದೇಳಿ ನಂಗ್ ಗೊತ್ತಿರ್ಲಿಲ್ಲೆ."

"ನಂಗೂ ಗೊತ್ತಿರ್ಲಿಲ್ಲೆ ಅತ್ತೆ."

ಅವರು ತಿರುಗಿ ನನ್ನ ಮುಖ ನೋಡಿದರು. ಬಹಳ ವರ್ಷಗಳಿಂದ ಹಾಗೆ ನೋಡಿರಲಿಲ್ಲ. "ಸಣ್ಣವ ಅಲ್ಲಿ ಕೂಕಂತಿರ್ಲಿಲ್ಲೆ" ಎಂದರು. "ಅವ ಸಣ್ಣದಿಪ್ಪತಿಗೇ ಒಂದ್ ಬದಿ ಕೂಕಂಡವ ಅಲ್ಲ."

ಮೈದುನ ಹಟ್ಟಿಯ ಹತ್ತಿರ ಹೇಳಿದ ಮಾತನ್ನು ಆಗ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರಿಗೆ ಗೊತ್ತಾಗಿದೆ ಎನಿಸಿತು.

ಮಾರನೆಯ ದಿನ ಸಂಜೆ ನಾನು ಅಂಗಳಕ್ಕೆ ಬಂದಾಗ ಅವರು ಜಗಲಿಯಿಂದ ನನಗೇ ನೇರವಾಗಿ ಹೇಳಿದ ಮಾತು, "ಆ ಫ್ಯಾಕ್ಟ್ರಿ ಕೋಟ್ ಒಳ್ಗೆ ತರ್ಬೇಡ ಮಾರಾಯ್ತಿ, ಎಂತ ನಾತ!" ಎಂಬುದು. ಆಮೇಲೆ ಮಾತು ನಿಲ್ಲಲಿಲ್ಲ. ವಾಸನೆಯ ಬಗ್ಗೆ, ನಾನು ತಿನ್ನುವುದು ಸಾಲದೆಂಬ ಬಗ್ಗೆ, ದನ ಹಾಲು ಕೊಡದ ಬಗ್ಗೆ ದಿನವೂ ದೂರು ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ. ಸಂತೋಷವಾಯಿತೇ ಎಂದು ಯಾರಾದರೂ ಕೇಳಿದರೆ ಹೌದೆನ್ನಲು ನನಗೆ ಧೈರ್ಯ ಬರುವುದಿಲ್ಲ. ಊಟ ಮಾಡುವಾಗ ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳತೊಡಗಿದೆ. ಅದು ಮಾತ್ರ ಗೊತ್ತು.

ಕೆಲವು ವರ್ಷಗಳ ಮೇಲೆ ಅಣ್ಣಯ್ಯ ಕೆಲಸ ಬಿಟ್ಟರು. ಪ್ಯಾನಲ್ ಹೋಗಿ ಕಂಪ್ಯೂಟರ್ ಬಂತು. ಮಂಗಳೂರಿನ ಹುಡುಗರಿಬ್ಬರು ಬಂದು ನನಗೆ ಮೌಸ್ ಹಿಡಿಯುವುದರಿಂದ ಶುರುಮಾಡಿ ತಾಳ್ಮೆಯಿಂದ ಕಲಿಸಿದರು. ಕುಕ್ಕರ್, ಪ್ರೆಸ್, ಡ್ರೈಯರ್ ಎಲ್ಲವೂ ಪರದೆಯ ಮೇಲೆ ಸಣ್ಣ ಸಣ್ಣ ಚಿತ್ರಗಳಾದವು. ಆಮೇಲಾಮೇಲೆ ಬೈಗೆ ಮೀನು ಕಡಿಮೆಯಾಗುತ್ತ ಬಂತು, ಫ್ಯಾಕ್ಟರಿ ನಡೆಯುವ ದಿನಗಳೂ ಕಡಿಮೆಯಾದವು. ಅತ್ತೆಯ ಕಾಲಿಗೆ ಊತ ಬಂದು ನಡೆಯುವುದು ಕಷ್ಟವಾದ ಮೇಲೆ ನಾನು ಕೆಲಸ ಬಿಟ್ಟೆ.

ಕೆಲಸ ಬಿಟ್ಟ ಮೊದಲ ದಿನ ಬೆಳಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಎದ್ದು ಚಾ ಮಾಡಿದೆ. ಅತ್ತೆ ಮಲಗಿದಲ್ಲಿಂದಲೇ, "ಇವತ್ತ್ ಎಲ್ಲಿಗೂ ಹೋಪುಕಿಲ್ಲೆ ಅಲ್ದಾ?" ಎಂದು ಕೇಳಿದರು. "ಇಲ್ಲೆ" ಎಂದೆ. "ಹಂಗಾರೆ ಇಲ್ಲಿ ಬಾ, ನನ್ ತಲಿ ಒಂಚೂರ್ ಬಾಚಿ ಕೊಡ್" ಎಂದರು. ಬಾಚಣಿಗೆ ತೆಗೆದುಕೊಂಡು ಅವರ ಹಿಂದೆ ಕುಳಿತೆ. ಕೂದಲು ಬಹಳ ತೆಳ್ಳಗಾಗಿತ್ತು. ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಸಣ್ಣದೊಂದು ತುರುಬು ಕಟ್ಟಿದೆ.